ಯಾಯಾ ಊಟ

ಎಲ್ಲರ ಮುಂದೆ ಸೀಗಡಿ, ಹುರಿದ ಹಂದಿಮಾಂಸ ಬಂದವು. ರೊವೆನಾಳ ತಾಯಿ ಪಸೀತಾಳ ಮುಂದೆ ಮಾತ್ರ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದು ಬಟ್ಟಲು ಅನ್ನ, ಹುಳಿ ರಸದಲ್ಲಿ ಬೇಯಿಸಿದ ಎರಡು ತುಂಡು ಕೋಳಿ ಅಡೋಬೊ. ಮನಿಲಾದ ಆ ಕ್ಲಬ್ಬಿನಲ್ಲಿ ಅದಕ್ಕೆ ಯಾಯಾ ಊಟ ಎನ್ನುತ್ತಾರೆ. ಸದಸ್ಯರ ಮಕ್ಕಳನ್ನು ಆಡಿಸಿ, ಉಣಿಸಿ, ಮಲಗಿಸುವ ಯಾಯಾಗಳಿಗೆಂದೇ ಬೇಯಿಸುವ ಅಗ್ಗದ ಊಟ.

ರೊವೆನಾಳಿಗೆ ಮೈಯೆಲ್ಲ ಉರಿದುಹೋಯಿತು. ಮಗಳು ಬೆಯಾಳ ಹುಟ್ಟುಹಬ್ಬ ಇಲ್ಲೇ ಆಗಬೇಕೆಂದು ಹಟ ಹಿಡಿದವನು ಗಂಡ ಎನ್ರಿಕೆ. ಅಜ್ಜನ ಕಾಲದಿಂದ ಬಂದ ಸದಸ್ಯತ್ವ, ಅದೊಂದು ಕೊಂಬು ಅವನಿಗೆ. ಇವತ್ತೊಂದು ದಿನವಾದರೂ ಅಮ್ಮ ಈ ಮೇಜಿನಲ್ಲಿ ಎಲ್ಲರ ಸಮಕ್ಕೆ ಕೂತು ಉಣ್ಣಬೇಕು ಎಂಬುದೊಂದೇ ರೊವೆನಾಳ ಆಸೆಯಾಗಿತ್ತು.

"ಎನ್ರಿಕೆ, ಏನಿದು? ಗೇಟಲ್ಲಿ 'ಯಾಯಾಗಳ ಬಿಳಿ ಯೂನಿಫಾರಂ ಎಲ್ಲಿ' ಅಂತ ಅಮ್ಮನ್ನ ತಡೆದ್ರು. ಈಗ ನೋಡಿದ್ರೆ ಇದು!"

"ಮೆಲ್ಲಗೆ ಮಾತಾಡು, ಎಲ್ಲಾ ನೋಡ್ತಿದಾರೆ. ಕ್ಲಬ್ ಕಮಿಟೀಲಿ ನಾನೂ ಇದೇ ವಿಷಯಕ್ಕೆ ಗುದ್ದಾಡ್ತಾ ಇದೀನಲ್ಲ. ಹೋದ ವಾರ ದೊಡ್ಡ ಚರ್ಚೆನೇ ಆಯ್ತು."

"ಏನ್ ತೀರ್ಮಾನ ಮಾಡಿದ್ರಿ?"

"ಇನ್ಮೇಲೆ ಯಾಯಾ ಊಟ ಅನ್ನಬಾರ್ದು. ಜೊತೆಗಾರರ ಊಟ ಅನ್ಬೇಕು ಅಂತ."

ರೊವೆನಾ ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಇಂಥ ಘನಕಾರ್ಯಕ್ಕೆ ಇವರು ಸೂಟು ಹಾಕಿಕೊಂಡು ಸಭೆ ಸೇರುತ್ತಾರೆ!

ಪಸೀತಾ ಆಗಲೇ ಅನ್ನಕ್ಕೆ ರಸ ಕಲಸಿ ಬಾಯಿಗಿಟ್ಟಿದ್ದಳು. "ರುಚಿಯಾಗೇ ಇದೆ ಕಣೇ. ಹುಳಿ ಸ್ವಲ್ಪ ಮುಂದು, ಅಷ್ಟೇ."

"ಅಮ್ಮಾ, ಅದನ್ನ ತಿನ್ಬೇಡ!"

"ಯಾಕೆ, ವಿಷ ಹಾಕಿದಾರಾ?"

ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದ. ರೊವೆನಾಳ ತಾಳ್ಮೆಯ ಕಟ್ಟೆ ಒಡೆಯಿತು. "ಇವರು ನನ್ನ ತಾಯಿ ಕಣ್ರೀ, ಯಾಯಾ ಅಲ್ಲ! ಅಷ್ಟೂ ಗೊತ್ತಾಗಲ್ವಾ? ಯಾಯಾ ಥರ ಕಾಣ್ತಾರಾ ಇವರು?"

ಬೆಯಾಳ ಕುರ್ಚಿಯ ಹಿಂದೆ ಬಿಳಿ ಯೂನಿಫಾರಂ ತೊಟ್ಟು, ನೀರಿನ ಬಾಟಲಿ ಹಿಡಿದು ನಿಂತಿದ್ದ ಅವಳ ಯಾಯಾ ಸಾಲಿಂಗ್ ತಲೆ ತಗ್ಗಿಸಿದಳು. ಪಸೀತಾ ಚಮಚ ಕೆಳಗಿಟ್ಟಳು.

"ಯಾಯಾ ಥರ ಅಂದ್ರೆ ಹೆಂಗಿರತ್ತಮ್ಮ? ಅರ್ಧ ಆಯುಷ್ಯ ಇದೇ ಬಿಳಿ ಬಟ್ಟೆ ಹಾಕ್ಕೊಂಡು ಕಂಡೋರ ಮಕ್ಕಳ ಮೂಗು ಒರೆಸಿದೀನಿ. ನೀನು ಓದಿದ್ದು ಅದ್ರಲ್ಲೇ. ಬಾ ಸಾಲಿಂಗ್, ನಿಂಗೂ ಹಸಿವಾಗಿರತ್ತೆ."

ತಟ್ಟೆ ಎತ್ತಿಕೊಂಡು ಅವಳು ಅಡುಗೆಮನೆಯ ಗೋಡೆ ಪಕ್ಕದ ಉದ್ದ ಬೆಂಚಿಗೆ ನಡೆದಳು. ಯಾಯಾಗಳು ಉಣ್ಣುವುದು ಅಲ್ಲೇ. ಸಾಲಿಂಗ್ ಅವಳ ಹಿಂದೆಯೇ ಹೋದಳು.

ರೊವೆನಾಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕ್ಲಬ್ಬಿನ ಮೇಲೆ, ಗಂಡನ ಮೇಲೆ ಇದ್ದ ಸಿಟ್ಟೆಲ್ಲ ತನ್ನ ನಾಲಗೆಯ ಮೇಲೇ ತಿರುಗಿತು. "ಕೂತ್ಕೋ, ಕೇಕ್ ಕತ್ತರಿಸ್ಬೇಕು" ಎಂದು ಎನ್ರಿಕೆ ಕೈ ಹಿಡಿದೆಳೆದ. ಅವಳು ಕೊಸರಿಕೊಂಡು ಎದ್ದಳು. ಅಮ್ಮನ ಪಕ್ಕದಲ್ಲೇ ಕೂತು ತಾನೂ ಅದೇ ಊಟ ಮಾಡುತ್ತೇನೆಂದು ನಿರ್ಧರಿಸಿ ಬೆಂಚಿನತ್ತ ಹೋದಳು.

ಅವಳನ್ನು ಕಂಡದ್ದೇ ತಡ, ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಬಾಯಲ್ಲಿದ್ದ ತುತ್ತನ್ನು ಗಬಕ್ಕನೆ ನುಂಗಿ ತಟ್ಟೆ ಹಿಡಿದು ಎದ್ದು ನಿಂತರು. ಸಾಲಿಂಗ್ ಕೂಡ.

"ಕೂತ್ಕೊಳ್ಳಿ, ದಯವಿಟ್ಟು ಕೂತ್ಕೊಳ್ಳಿ."

"ಪರವಾಗಿಲ್ಲ ಮ್ಯಾಮ್."

ಒಬ್ಬರೂ ಕೂರಲಿಲ್ಲ. ಪಸೀತಾ ಒಬ್ಬಳೇ ಕೂತು ಕೋಳಿಯ ಮೂಳೆ ಚೀಪುತ್ತಿದ್ದಳು.

"ನಿನ್ನ ಮೇಜಿಗೆ ಹೋಗು ಮಗಳೇ," ಎಂದಳು. "ನೀನು ಇಲ್ಲೇ ನಿಂತಿದ್ರೆ ಇವರ ಊಟ ಆರಿಹೋಗತ್ತೆ."