ಮಕ್ಕಳ ಕೋಣೆಯ ಗಾಳಿಗೆ ತಗಡು ಹೊಡೆಯಬೇಡಿ

"ನಾಳೆ ಆ ತೂತಿಗೆ ತಗಡು ಹೊಡೀತೀನಿ ಅಂದೆನಲ್ಲ, ಅಲ್ಲಿಗೆ ಮುಗೀತು. ಬೆಚ್ಚಗಿದ್ರೆ ಮಕ್ಕಳು ತಾವೇ ಸರಿಹೋಗ್ತಾರೆ," ಅಂದ ಫಿಟ್ಟರ್, ತಟ್ಟೆಯಿಂದ ತಲೆ ಎತ್ತದೆ.

ಹೆಂಡತಿಯ ತೊಡೆಯ ಮೇಲೆ ಮೂರು ವರ್ಷದ ಪುಟ್ಟಿ ಕೆಮ್ಮಿ ಕೆಮ್ಮಿ ಸುಸ್ತಾಗಿ ಒರಗಿತ್ತು.

ವಿಷಯ ಇಷ್ಟು. ಈಕೆ ಹೊಲಿಗೆ ಕಾರ್ಖಾನೆಗೆ ಹೋಗುವವಳು. ಅಲ್ಲಿ ಕೆಲಸದ ಹೆಂಗಸರ ಇಪ್ಪತ್ತೆರಡು ಮಕ್ಕಳಿಗೆ ಒಂದು ಕೋಣೆ ಇದೆ. ಹೊರಗಿನ ಚಳಿ ಎಂಥದ್ದೆಂದರೆ, ಒಗೆದ ಬಟ್ಟೆ ಹಗ್ಗದ ಮೇಲೆ ಹಲಗೆಯ ಹಾಗೆ ನಿಂತುಬಿಡುತ್ತದೆ. ಹಾಗಾಗಿ ಆ ಕೋಣೆಯ ಕಿಟಕಿಗಳಿಗೆ ಮೊಳೆ ಹೊಡೆದು, ಅಟ್ಟದ ಮೇಲೆ ಒಂದು ಗಾಳಿ ಯಂತ್ರ ಕೂರಿಸಿದರು. ಹೊರಗಿನ ಗಾಳಿಯನ್ನು ಎಳೆದು, ಬಿಸಿನೀರಿನ ಕೊಳವೆಗಳ ಮೇಲೆ ಹಾಯಿಸಿ, ಬೆಚ್ಚಗೆ ಮಾಡಿ, ಕೋಣೆಯ ತೂತೊಂದರಿಂದ ಒಳಗೆ ಬಿಡುವುದು ಅದರ ಕೆಲಸ. ಕೂರಿಸಿದವನು ಇದೇ ಫಿಟ್ಟರ್. ಮೊದಲ ಬಿರುಚಳಿಗೇ ಕೊಳವೆಯ ನೀರು ಹೆಪ್ಪುಗಟ್ಟಿ, ಕೊಳವೆ ಸೀಳಿಹೋಯಿತು. ಆಮೇಲೆ ಆ ತೂತಿನಿಂದ ಬಂದದ್ದು ಬರೀ ಕೊರೆಯುವ ಗಾಳಿ. ಮಕ್ಕಳನ್ನು ನೋಡಿಕೊಳ್ಳುವ ಆಯಾ ಪಾಪ, ಬೇರೆ ದಾರಿ ಕಾಣದೆ ದಿಂಬು ತುರುಕಿದಳು. ಈಗ ಮಾಲೀಕ ಅದನ್ನು ಕಾಯಂ ಆಗಿ ಮುಚ್ಚು ಅಂದಿದ್ದಾನೆ.

ದಿಂಬು ತುರುಕಿದಂದಿನಿಂದ ಕಿಟಕಿ ಗಾಜಿನ ಮೇಲೆ ನೀರಿಳಿಯುತ್ತಿದೆ, ಮೂಲೆಯಲ್ಲಿ ಕಪ್ಪು ಬೂಸ್ಟು. ಒಂದು ಮಗುವಿನ ಕೆಮ್ಮು ವಾರದೊಳಗೆ ಎಲ್ಲಕ್ಕೂ ಹತ್ತಿತು. ಸಂಜೆ ಹೋಗಿ ಎತ್ತಿಕೊಂಡರೆ ಪುಟ್ಟಿ ಮಂಕಾಗಿ ಹಣೆ ಒತ್ತಿಕೊಳ್ಳುತ್ತದೆ.

ಅವತ್ತು ರಜೆ. ಊಟ ಮುಗಿಯುವಷ್ಟರಲ್ಲಿ ಫಿಟ್ಟರನ ಅಕ್ಕ ಬಂದಳು. ಬರಹೇಳಿದವಳು ಹೆಂಡತಿಯೇ. ಈ ಅಕ್ಕ ಹದಿನೈದು ಚಳಿಗಾಲದಿಂದ ಆಸ್ಪತ್ರೆಯ ಗಾಳಿ ಯಂತ್ರಗಳನ್ನು ನೋಡಿಕೊಳ್ಳುವವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಗುವಿನ ಎದೆಗೆ ಕಿವಿ ಇಟ್ಟು ಕೇಳಿದಳು. ಪಕ್ಕದ ಮನೆಯಲ್ಲಿ ಮಗುವನ್ನು ಬಿಡಿಸಿ, ತಮ್ಮನನ್ನೂ ಅವನ ಹೆಂಡತಿಯನ್ನೂ ಹೊರಡಿಸಿ ಕಾರ್ಖಾನೆಯ ಅಟ್ಟ ಹತ್ತಿಸಿದಳು.

ಯಂತ್ರದ ಬಾಗಿಲು ತೆಗೆದು ಟಾರ್ಚ್ ಬಿಟ್ಟಳು. ಕೊಳವೆಗಳ ಮೇಲಿನ ಮೂಲೆಯಲ್ಲಿ ಸಣ್ಣ ತಾಮ್ರದ ತಂತಿಯೊಂದು ಬಳೆಯ ಹಾಗೆ ಸುತ್ತಿ, ಅಚ್ಚುಕಟ್ಟಾಗಿ ಕಟ್ಟಿಕೊಂಡು ಕೂತಿತ್ತು.

"ಇದನ್ನ ಇಷ್ಟು ಚೆಂದ ಸುತ್ತಿಟ್ಟ ಮಹಾನುಭಾವ ಯಾರೋ?"

"ನಾನೇ ಅಕ್ಕ. ಉದ್ದ ಜಾಸ್ತಿ ಇತ್ತು. ಜೋತಾಡಿದ್ರೆ ಅಸಹ್ಯ ಕಾಣತ್ತೆ ಅಂತ."

"ಜಾಸ್ತಿ ಅಲ್ಲ ಕಣೋ. ಅಷ್ಟು ಉದ್ದ ಬೇಕು ಅಂತಲೇ ಕೊಟ್ಟಿರೋದು. ಇದು ಕಾವಲುಗಾರ."

ಆಮೇಲೆ ಬಿಡಿಸಿ ಹೇಳಿದಳು. ಆ ತಂತಿಯ ಯಾವುದೇ ಒಂದು ಗೇಣು ಹೆಪ್ಪುಗಟ್ಟುವಷ್ಟು ತಣ್ಣಗಾದರೆ ಸಾಕು, ಅದು ಫ್ಯಾನ್ ನಿಲ್ಲಿಸಿ ಹೊರಗಿನ ಗಾಳಿಯ ಬಾಗಿಲು ಮುಚ್ಚಿಸುತ್ತದೆ. ಕೊಳವೆ ಉಳಿಯುತ್ತದೆ. ಆದರೆ ತಣ್ಣನೆಯ ಗಾಳಿ ಕೆಳಗೆ ಇಳಿಯುವಂಥದ್ದು. ಕೆಳಮೂಲೆ ಕಲ್ಲಾಗುತ್ತಿದ್ದರೂ ಮೇಲೆ, ಬಿಸಿನೀರು ಬರುವ ಜಾಗದಲ್ಲಿ ಮುದುಡಿ ಕೂತ ಕಾವಲುಗಾರನಿಗೆ ಏನೂ ಗೊತ್ತಾಗಲಿಲ್ಲ.

"ಹರಿದ ಬಟ್ಟೆಗೆ ರಫೂ ಹಾಕ್ತೀವಲ್ಲ, ಹಾಗೆ ಈ ಕಡೆಯಿಂದ ಆ ಕಡೆಗೆ, ಮೇಲಿಂದ ಕೆಳತನಕ ಓಡಬೇಕಿತ್ತಾ?" ಹೆಂಡತಿ ಕೇಳಿದಳು.

ಅಕ್ಕ ಹೌದು ಅಂದಳು.

ಹೆಂಡತಿ ಗಂಡನ ಕಡೆ ತಿರುಗಿದಳು. "ನಾನು ಒಂದು ಹೊಲಿಗೆ ತಪ್ಪಿದ್ರೆ ಇಡೀ ಅಂಗಿ ಬಿಚ್ಚಿಸ್ತಾರೆ. ನೀನು ಚೆಂದ ನೋಡ್ಕೊಂಡು ನಿನ್ನ ಮಗಳ ಉಸಿರು ಕಟ್ಟಿಸಿದೀಯ. ಈಗ ಅದರ ಮೇಲೆ ತಗಡು ಬೇರೆ."

ಫಿಟ್ಟರನ ಮುಖ ಕಪ್ಪಿಟ್ಟಿತು. ಚಳಿ ವಿಪರೀತ, ಯಂತ್ರ ಏನು ಮಾಡೀತು ಅಂತ ಗೊಣಗಿದ. ಹಾಗಾದರೆ ನಕ್ಷೆ ತೋರಿಸು ಅಂದಳು ಅಕ್ಕ. ನೋಡಿದರೆ, ಯಂತ್ರದ ಲೆಕ್ಕ ಹಾಕಿದ್ದು ಸೊನ್ನೆಗಿಂತ ಐದು ಡಿಗ್ರಿ ಕೆಳಗಿನ ಚಳಿಗೆ. ಇಲ್ಲಿ ಮೂವತ್ತು ಕೆಳಗೆ ಹೋಗುತ್ತದೆ. ಮಾಲೀಕ ಬೇರೆಲ್ಲೋ ಬೆಚ್ಚಗಿನ ಊರಿಗೆ ಬರೆಸಿದ ನಕ್ಷೆಯನ್ನೇ, ಇದೇ ಸಾಕು ಅಂತ ಇವನ ಕೈಗೆ ತುರುಕಿದ್ದ. ಯಾವ ಚಳಿಗೆ ಅಂತ ಇವನೂ ಕೇಳಲಿಲ್ಲ.

"ನಿನ್ನ ತಪ್ಪು ಒಂದು, ಅವನದು ಹತ್ತು. ಆದ್ರೆ ಕೆಮ್ಮೋರು ಮಕ್ಕಳು," ಅಂದಳು ಅಕ್ಕ. ಇಳಿಯುವಾಗ ಫಿಟ್ಟರ್, ತಗಡು ನಾನು ಹೊಡೆಯಲ್ಲ ಅಂದ.

ಮರುದಿನ ಬೆಳಿಗ್ಗೆ ಹಾಗೇ ಅಂದ, ಮಾಲೀಕನ ಮುಖಕ್ಕೇ. ಹಿಂದೆ ಹೆಂಡತಿ, ಅವಳ ಹಿಂದೆ ಮಕ್ಕಳನ್ನು ಎತ್ತಿಕೊಂಡ ಅಷ್ಟೂ ಹೆಂಗಸರು. ಮಕ್ಕಳಿಗೆ ಕೆಮ್ಮು ಇದ್ದದ್ದೇ ಅಂದ ಮಾಲೀಕ. ಯಾರೂ ಕದಲಲಿಲ್ಲ.

ಅವನು ಯೋಚಿಸುತ್ತಿರಲಿ, ಅಷ್ಟರಲ್ಲಿ ನಿಮಗೆ ಒಂದು ಮಾತು ಹೇಳಿಬಿಡುತ್ತೇನೆ. ನೀವೂ ಚಳಿಯ ಊರಿನವರಾದರೆ, ನಿಮ್ಮ ಮಕ್ಕಳು ಕೂರುವ ಕೋಣೆಗೆ ಇವತ್ತೇ ಹೋಗಿ ನೋಡಿ. ಗಾಳಿಯ ತೂತಿಗೆ ಬಟ್ಟೆ ತುರುಕಿದ್ದರೆ ಸುಮ್ಮನೆ ಬರಬೇಡಿ. ಯಂತ್ರವನ್ನು ಯಾವ ಚಳಿಗೆ ಲೆಕ್ಕ ಹಾಕಿದ್ದೀರಿ ಅಂತ ಕೇಳಿ. ಸಾಧಾರಣ ಚಳಿಯ ಲೆಕ್ಕ ಬೇಡ, ವರ್ಷದ ಅತಿ ಕೆಟ್ಟ ದಿನದ ಲೆಕ್ಕ ಬೇಕು. ಹೊರಗಿನ ಗಾಳಿ ಬಿಸಿನೀರಿನ ಕೊಳವೆಯನ್ನು ಮುಟ್ಟುವ ಮೊದಲೇ ಒಂದು ಸುತ್ತು ಬಿಸಿಯಾಗಬೇಕು. ಹೊರಗೆ ಹೋಗುವ ಹಳೇ ಗಾಳಿಯ ಬಿಸಿಯನ್ನು, ಎರಡೂ ಬೆರೆಯದ ಹಾಗೆ, ಒಳಬರುವ ಗಾಳಿಗೆ ದಾಟಿಸಬಹುದು. ಕಾವಲು ತಂತಿ ಕೊಳವೆಗಳ ಮೈತುಂಬ ಹರಡಿರಬೇಕು. ಅಷ್ಟಾಗುವವರೆಗೆ, ಮಕ್ಕಳನ್ನು ಪಕ್ಕದ ಕೋಣೆಗೆ ಕಳಿಸಿ ದಿನಕ್ಕೆ ನಾಲ್ಕಾರು ಸಲ ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ. ಬೆಚ್ಚಗಿದ್ದರೆ ಸಾಲದು, ಉಸಿರಾಡಬೇಕು. ಕೇಳುವಾಗ ಕೋಪ ಬಂದರೆ ಬರಲಿ. ಬರಬೇಕಾದ ಕೋಪವೇ ಅದು.

ಹೊಸ ನಕ್ಷೆ ಬರೆಸುತ್ತೇನೆ, ತಿಂಗಳು ಹಿಡಿಯುತ್ತದೆ ಅಂದ ಮಾಲೀಕ ಕೊನೆಗೆ.

"ಬರೆಸಿ. ಅಲ್ಲೀತನಕ ಮಕ್ಕಳು ನಿಮ್ಮ ಆಫೀಸಿನಲ್ಲಿರ್ತಾರೆ," ಅಂದಳು ಹೆಂಡತಿ. "ದೊಡ್ಡ ಕೋಣೆ, ಕಿಟಕಿನೂ ತೆರೀತದೆ."

"ಮತ್ತೆ ನಾನೆಲ್ಲಿ ಕೂರಲಿ?"

"ಮಕ್ಕಳ ಕೋಣೆ ಖಾಲಿ ಇದೆಯಲ್ಲ ಸ್ವಾಮಿ. ಬೆಚ್ಚಗಿದೆ."

ಅಷ್ಟರಲ್ಲಿ ಆಯಾ ಮೊದಲನೇ ಹಾಸಿಗೆ ಹೊತ್ತು ತಂದು, ಅವನ ಕುರ್ಚಿಯನ್ನು ಮೊಣಕಾಲಿನಿಂದ ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಹಾಸಿದಳು.