ಮೂರನೆಯ ಟೇಕ್

2006ರ ಮೇ ತಿಂಗಳು. ಮೆಲ್ಬರ್ನ್‌ನಲ್ಲಿ ಚಳಿ ಹಿಡಿದಿತ್ತು. ಅಭ್ಯಾಸ ಮುಗಿಸಿ ಎಡ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಕೂತಿದ್ದ ಅಜಯನ ಹತ್ತಿರ ಕ್ಲಬ್ಬಿನ ಪ್ರಚಾರ ನೋಡಿಕೊಳ್ಳುವ ಹೆಲೆನ್ ಬಂದಳು. ಹೊರದೇಶಗಳಿಂದ ಬಂದ ಮನೆತನಗಳ ಆಟಗಾರರ ಮೇಲೆ ಎರಡೆರಡು ನಿಮಿಷದ ಚಿತ್ರ ಮಾಡುತ್ತಿದ್ದರಂತೆ. "ಮುಂದಿನ ವಾರ ಸಿಡ್ನಿಯಲ್ಲಿ ಮ್ಯಾಚ್ ಇದೆಯಲ್ಲ, ನಿಮ್ಮ ಅಪ್ಪನ ಮನೆಯಲ್ಲೇ ತೆಗೆಯೋಣ. ನಿನ್ನ ಬೆಳಗಿನ ಪೂಜೆ. ಎಲ್ಲರಿಗೂ ಗೊತ್ತಿರುವುದೇ ಅದಲ್ಲವೆ?" ಎಂದಳು.

ಅಜಯ್ ಹೂಂ ಎಂದ. ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು.

ಅವನಿಗೆ ಇಪ್ಪತ್ತೊಂಬತ್ತು. ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುವುದನ್ನೇ ಉದ್ಯೋಗ ಮಾಡಿಕೊಂಡು ಹತ್ತು ವರ್ಷವಾಗಿತ್ತು. ಹಾಫ್‌ಬ್ಯಾಕ್ ಜಾಗದಲ್ಲಿ, ಅಂದರೆ ಹಿಂದೆ ನಿಂತು ಚೆಂಡು ಹಿಡಿದು, ಇಡೀ ಮೈದಾನ ನೋಡಿ, ಯಾರ ಕಡೆಗೆ ಒದೆಯಬೇಕೆಂದು ತೀರ್ಮಾನಿಸುವವನು ಅವನು. ಅಮೆರಿಕದ ಆಟದಿಂದ ಪದ ಎರವಲು ತಂದು ಪತ್ರಿಕೆಯವರು ಅವನನ್ನು ಕ್ವಾರ್ಟರ್‌ಬ್ಯಾಕ್ ಎಂದು ಕರೆಯುತ್ತಿದ್ದರು. ಮೊದಮೊದಲು ಒಬ್ಬ ವರದಿಗಾರ, "ಇಷ್ಟು ಜನ ಮೈಮೇಲೆ ಬೀಳುವಾಗಲೂ ಹೇಗೆ ಸಮಾಧಾನವಾಗಿರ್ತೀಯ?" ಎಂದು ಕೇಳಿದ್ದ. "ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡ್ತೀನಿ" ಎಂದಿದ್ದ ಅಜಯ್. ಆಗ ಅದು ನಿಜವಾಗಿತ್ತು.

ಆಮೇಲೆ ಯಾವಾಗ ಬಿಟ್ಟುಹೋಯಿತೋ. ಬಿಡಬೇಕೆಂದು ತೀರ್ಮಾನಿಸಿದ ದಿನವೇನೂ ಇರಲಿಲ್ಲ. ಕೊರಳಲ್ಲಿ ಏನೂ ಇರಬಾರದೆಂಬುದು ಆಟದ ನಿಯಮ. ಮ್ಯಾಚಿನ ದಿನ ತೆಗೆದಿಟ್ಟ ಲಿಂಗ ಒಂದು ವಾರ ಚೀಲದಲ್ಲೇ ಉಳಿಯಿತು, ಆಮೇಲೆ ಮೇಜಿನ ಡ್ರಾಯರ್ ಸೇರಿತು. ಆರು ವರ್ಷವಾಗಿತ್ತು. ಆದರೆ ಅವನ ಬಗ್ಗೆ ಬರೆದವರೆಲ್ಲ ಹಳೆಯ ಮಾತನ್ನೇ ಬರೆದರು, ಅವನು ತಿದ್ದಲಿಲ್ಲ.

ಅಪ್ಪ ಬಸವಣ್ಣೆಪ್ಪ ಗದಗಿನವರು. ಎಪ್ಪತ್ತರ ದಶಕದ ಕೊನೆಗೆ ಸಿಡ್ನಿಗೆ ಬಂದು, ರೈಲ್ವೆಯಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾಗಿದ್ದರು. ಶುಕ್ರವಾರ ಬೆಳಿಗ್ಗೆ ಹೆಲೆನ್ ಮತ್ತು ಕ್ಯಾಮೆರಾದವರು ಸಿಡ್ನಿಯ ಗಿರಾವೀನ್ ಬಡಾವಣೆಯ ಮನೆಗೆ ಬರುವಷ್ಟರಲ್ಲಿ ಅವರು ಸ್ನಾನ ಮಾಡಿ, ಮಣೆ ಹಾಕಿ, ವಿಭೂತಿ, ನೀರು, ಹಿತ್ತಲಿನ ಬಿಳಿ ಹೂವು ಎಲ್ಲ ಸಿದ್ಧ ಮಾಡಿದ್ದರು. ಅಜಯ್ ಕೊರಳಿಗೆ ಹಾಕಿಕೊಂಡ, ಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ನೋಡಿ, "ದಾರ ಹೊಸಾದು ಹಾಕೀಯಲ್ಲ, ಚಲೋ ಆತು" ಎಂದರು.

ಅಜಯ್ ಕೂತು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ವಿಭೂತಿ ಮೊದಲು ಲಿಂಗಕ್ಕೋ ಹಣೆಗೋ ಎಂದು ಒಂದು ಕ್ಷಣ ತಡವರಿಸಿದ. ಹೇಗೋ ಮುಗಿಸಿದ.

"ಬಹಳ ಚೆನ್ನಾಗಿತ್ತು. ಇನ್ನೊಂದು ಸಲ, ಸ್ವಲ್ಪ ನಿಧಾನವಾಗಿ" ಎಂದಳು ಹೆಲೆನ್.

ಇನ್ನೊಂದು ಸಲ ಮಾಡಿದ.

"ಈಗ ಕಣ್ಣು ಮುಚ್ಚಿಕೋ. ತುಟಿ ಅಲುಗಾಡಲಿ. ಇದೇ ಕೊನೆ."

ಮೂರನೆಯ ಸಲ ಹೂವು ಏರಿಸುವಾಗ ಅಜಯನ ಕಣ್ಣು ತಾನಾಗಿ ತೆರೆಯಿತು. ಅಡುಗೆಮನೆಯ ಬಾಗಿಲಲ್ಲಿ ಅಪ್ಪ ಕೈಮುಗಿದು, ಕಣ್ಣುಮುಚ್ಚಿ ನಿಂತಿದ್ದರು. ಮೊದಲ ಸಲವೂ ಹಾಗೇ ನಿಂತಿದ್ದರು, ಎರಡನೆಯ ಸಲವೂ. ಅವರಿಗೆ ಮೂರೂ ಪೂಜೆಯೇ.

"ನಿಲ್ಲಿಸಿ" ಎಂದ ಅಜಯ್. ಇಂಗ್ಲಿಷಿನಲ್ಲೇ ಹೇಳಿದ: "ನಾನು ಇದನ್ನು ಮಾಡಿ ಆರು ವರ್ಷವಾಯಿತು. ಈ ದಾರ ಹೋದ ವಾರ ಕಟ್ಟಿದ್ದು."

ಕ್ಯಾಮೆರಾದವನು ತಲೆಯೆತ್ತಿ ನೋಡಿದ. ಹೆಲೆನ್ ಕೆಟ್ಟವಳಲ್ಲ. ಹತ್ತಿರ ಬಂದು ಮೆಲ್ಲಗೆ, "ಅದನ್ನೇ ಹೇಳುತ್ತೀಯಾ, ಕ್ಯಾಮೆರಾಕ್ಕೆ? ಇನ್ನೂ ಒಳ್ಳೆಯ ಚಿತ್ರವಾಗುತ್ತದೆ" ಎಂದಳು.

ಅವನಿಗೆ ನಗು ಬಂತು, ನಗಲಿಲ್ಲ. "ಬೇಡ. ಇವತ್ತಿಗೆ ಸಾಕು."

ಅವರು ದೀಪ, ವೈರು ಸುತ್ತಿಕೊಂಡು ಹೋಗುವತನಕ ಬಸವಣ್ಣೆಪ್ಪ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಸೋಫಾದ ತುದಿಯಲ್ಲಿ ಕೂತರು.

"ಆರು ವರ್ಷ?"

"ಹೂಂ ಅಪ್ಪ."

"ಪೂಜಿ ಬಿಟ್ಟಿ, ಅದು ನಿನಗ ಬಿಟ್ಟಿದ್ದು. ಆದ್ರ ಪೇಪರ್‌ನ್ಯಾಗ ಬಂದದ್ದೆಲ್ಲ ಕತ್ತರಿಸಿ ಗದಗಕ್ಕ ನಿಮ್ಮ ದೊಡ್ಡಪ್ಪಗ ಕಳಿಸ್ತಿದ್ದೆ. ಮಂದಿಗೆಲ್ಲ ಓದಿ ಹೇಳ್ತಿದ್ದ ಅವ. ನನ್ನ ಕೈಲೆ ಸುಳ್ಳು ಹೇಳಿಸಿದೆಲ್ಲೋ."

"ನಾನು ಸುಳ್ಳು ಹೇಳ್ಲಿಲ್ಲ ಅಪ್ಪ. I just... ಸುಮ್ನಿದ್ದೆ."

"ಹೌದು. ಸುಮ್ನಿದ್ದಿ."

ಹೊರಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಚಾಲೂ ಮಾಡಿದರು. ಅಜಯ್ ಇನ್ನೂ ಮಣೆಯ ಮೇಲೇ ಕೂತಿದ್ದ. ಮೊಣಕಾಲು ಮಡಚಿದ್ದು ಬಿಡಿಸಲು ಬರುತ್ತಿರಲಿಲ್ಲ. ಅಪ್ಪ ಎದ್ದು ಬಂದು ಅವನ ತೋಳು ಹಿಡಿದು ಎಬ್ಬಿಸಿದರು. ಲಿಂಗವನ್ನು ಮಾತ್ರ ಮುಟ್ಟಲಿಲ್ಲ. "ಅದನ್ನ ನೀನ ಎತ್ತಿಡು. ನಿಂದು ಅದು."

"ಅಪ್ಪ, ಒಂದು ಕೇಳ್ಲಾ? ನಿಮಗೆ ಡೈಲಿ ಏನಾದ್ರೂ ಫೀಲ್ ಆಗುತ್ತಾ? ಪೂಜೆ ಮಾಡೋವಾಗ?"

ಬಸವಣ್ಣೆಪ್ಪ ಮಣೆ ಎತ್ತಿ ಗೋಡೆಗೆ ಒರಗಿಸಿದರು. "ದಿನಾ ಏನಾಗ್ತದ? ಕೆಲಸಕ್ಕ ಹೋಗೋವಾಗ ಎಷ್ಟೋ ದಿನ ಬ್ಲ್ಯಾಕ್‌ಟೌನ್ ಟ್ರೇನ್ ತಪ್ಪೀತೇನೋ ಅಂತ ವಿಚಾರ ಮಾಡ್ಕೋತ ಕೂತೀನಿ."

"ಮತ್ತೆ ಯಾಕೆ ಮಾಡ್ತೀರಿ?"

"ಅದು ಗೊತ್ತಿದ್ರ ಹೇಳ್ತಿದ್ದಿಲ್ಲೇನು ನಿನಗ" ಎಂದವರೇ ಚಹಾ ಇಡಲು ಒಳಗೆ ಹೋದರು.

ಭಾನುವಾರದ ಮ್ಯಾಚ್ ಸೋತರು. ಅಜಯ್ ಒದ್ದ ಎರಡು ಚೆಂಡು ನೇರ ಎದುರಾಳಿಯ ಕೈಗೆ ಹೋದವು. ಮ್ಯಾಚ್ ಆದಮೇಲೆ ಒಬ್ಬ ವರದಿಗಾರ ಮಾಮೂಲಿನಂತೆ ಅವನ ನಂಬಿಕೆಯ ಬಗ್ಗೆ ಕೇಳಿದ. "ಮುಂಚೆ ಪೂಜೆ ಮಾಡುತ್ತಿದ್ದೆ. ಈಗ ಎಷ್ಟೋ ವರ್ಷದಿಂದ ಇಲ್ಲ. ನೀವು ಬರೆಯುತ್ತಿದ್ದಿರಿ, ನಾನು ತಡೆಯಲಿಲ್ಲ" ಎಂದ ಅಜಯ್. ದೊಡ್ಡ ಗದ್ದಲವಾದೀತೆಂದು ಎರಡು ದಿನ ಕಾದ. ಪತ್ರಿಕೆಯಲ್ಲಿ ಮೊಣಕಾಲಿನ ಸುದ್ದಿಯ ಕೆಳಗೆ ಒಂದು ಸಾಲು ಬಂತು, ಅಷ್ಟೇ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆ ಎಂದು ಅವನಿಗೇ ತಿಳಿಯಲಿಲ್ಲ.

ಅಪ್ಪ ಎರಡು ತಿಂಗಳು ಫೋನಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ. ಆಗಸ್ಟಿನಲ್ಲಿ ಕೋಚ್ ಅಜಯನನ್ನು ಕೋಣೆಗೆ ಕರೆದು, ಮುಂದಿನ ವರ್ಷ ಜಾಗವಿಲ್ಲ ಎಂದ. ಅಜಯ್ ಅದನ್ನು ಮೊದಲು ಹೇಳಿದ್ದು ಅಪ್ಪನಿಗೆ. ಅವರು "ಕಡೇ ಮ್ಯಾಚ್ ಯಾವಾಗ?" ಎಂದು ಕೇಳಿದರು.

ಮಗನ ಆಟ ನೋಡಲು ಬಸವಣ್ಣೆಪ್ಪ ಮೆಲ್ಬರ್ನ್‌ಗೆ ಬಂದಿದ್ದು ಅದೇ ಮೊದಲು. ಮ್ಯಾಚ್ ಮುಗಿದು ಅಜಯ್ ಸ್ನಾನ ಮಾಡಿ ಹೊರಬರುವಾಗ ಅವರು ಕೋಟಿನ ಕಾಲರ್ ಎತ್ತಿಕೊಂಡು ಗೇಟಿನ ಹತ್ತಿರ ಕಾಯುತ್ತಿದ್ದರು.

"ನಿಮ್ಮ ದೊಡ್ಡಪ್ಪಗ ಪತ್ರ ಬರದೀನಿ. ಇದ್ದದ್ದು ಇದ್ದಂಗ."

"ಏನಂದ್ರು?"

"ಹುಡುಗನ ಕಾಲು ಹೆಂಗೈತಿ ಅಂತ ಕೇಳ್ಯಾನ."

ಅಜಯ್ ತಲೆಯಾಡಿಸಿದ. ಮುಂದೆ ಯಾವ ಕೆಲಸ, ಯಾವ ಮನೆ, ಯಾವ ಊರು, ಏನೂ ಗೊತ್ತಿರಲಿಲ್ಲ. ಮೈಯೆಲ್ಲ ನೋಯುತ್ತಿತ್ತು. ಇಬ್ಬರೂ ಟ್ರಾಮ್ ನಿಲ್ದಾಣದ ಕಡೆ ನಿಧಾನವಾಗಿ ನಡೆದರು.