ಡೆಲ್ಮಾರಣ್ಣನ ಮನೆಯ ಮೂರು ಕಾಯಿಲೆಗಳು

ಬುಧವಾರದ ದನದ ಹರಾಜಿನಲ್ಲಿ ಡೆಲ್ಮಾರ್ ಫಗುಂದೆಸನ ದನಿ ನಡುವೆಯೇ ಕೈಕೊಟ್ಟಿತು. ಇಪ್ಪತ್ತಾರು ವರ್ಷದಿಂದ ನಮ್ಮ ಸೆರ್ರೊ ಪರ್ದೊ ಊರಿನಲ್ಲಿ ಹರಾಜು ಕೂಗುವವನು ಅವನೇ. ಗಡಿಯಾಚೆಯ ಉರುಗ್ವೆ ದೇಶದಿಂದ ಬಂದವರೂ ಅವನ ಕೂಗು ಕೇಳಲೆಂದೇ ನಿಲ್ಲುತ್ತಿದ್ದರು. ಅಂದು ಒಂದು ಹೋರಿಯನ್ನು ಕೂಗುತ್ತಿರುವಾಗಲೇ ಅವನ ಗಂಟಲಿನಿಂದ ಬರೀ ಗಾಳಿ ಬಂತು. ಬೇಲಿಗೆ ಒರಗಿದ್ದವರು ನಕ್ಕರು. ಅವನೂ ನಕ್ಕು, ನೀರು ಕುಡಿದು, ಕೈಸನ್ನೆಯಲ್ಲೇ ಹರಾಜು ಮುಗಿಸಿದ.

ನಾನು ಇವೊನೆ, ಈ ಊರಿನ ಆರೋಗ್ಯ ಕಾರ್ಯಕರ್ತೆ. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ವಿಚಾರಿಸುವುದು ನನ್ನ ಕೆಲಸ. ಮರುದಿನ ಹೋದಾಗ ಡೆಲ್ಮಾರಣ್ಣ ಜಗಲಿಯಲ್ಲಿ ಕೂತು ಸೋರೆ ಬುರುಡೆಯಿಂದ ಶಿಮರಾಂವ್ ಎಂಬ ಸುಡುಸುಡು ಎಲೆ ಕಷಾಯ ಹೀರುತ್ತಿದ್ದ. ಬೆರಳ ಸಂದಿಯಲ್ಲಿ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ಬೀಡಿ ಹೊಗೆಯಾಡುತ್ತಿತ್ತು. ದನಿ ಒಡೆಯಲು ಶುರುವಾಗಿ ಐದು ವಾರವಾಯಿತೆಂದು ಅವನ ಹೆಂಡತಿ ಜುರೆಮಾ ಹೇಳಿದಳು. ಶೀತ ಎಂದುಕೊಂಡು ಜೇನು, ಶುಂಠಿ ಎಲ್ಲ ಮಾಡಿ ನೋಡಿದ್ದಳಂತೆ.

ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿತ್ತೇ ಎಂದು ಕೇಳಿದೆ. ಆ ಮಾತೇ ಅವನಿಗೆ ಹಿಡಿಸಲಿಲ್ಲ.

"ಅಪ್ಪಂಗೆ ಗಂಟಲು, ಸೋದರತ್ತೆಗೆ ಅನ್ನನಾಳ, ನನ್ ತಮ್ಮಂಗೆ ಶ್ವಾಸಕೋಶ. ಮೂರೂ ಜನ ಹೋದ್ರು, ಆದ್ರೆ ಮೂರೂ ಬೇರೆ ಬೇರೆ ಕಾಯಿಲೆ. ಇದ್ರಲ್ಲಿ ವಂಶ ಎಲ್ಲಿಂದ ಬಂತಮ್ಮ? ಅತ್ತೆ ಒಂದ್ ದಿನಾನೂ ಬೀಡಿ ಮುಟ್ಟಿದವಳಲ್ಲ."

ನಾನು ಒಂದು ಹಾಳೆಯ ಮೇಲೆ ಅವನ ಮನೆಯವರ ಹೆಸರುಗಳನ್ನು ಬರೆದೆ. ಅಪ್ಪ, ಅವರ ತಂಗಿ, ಕೆಳಗೆ ತಮ್ಮ, ಪಕ್ಕದಲ್ಲಿ ಡೆಲ್ಮಾರ್. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ ಎಲ್ಲವೂ ಅಕ್ಕಪಕ್ಕದವು, ಹೊಗೆ, ಸಾರಾಯಿ, ಅತಿ ಬಿಸಿ ಪಾನೀಯ ಹಾದುಹೋಗುವ ದಾರಿಯವು ಎಂದು ವಿವರಿಸಿದೆ. ಆ ದಾರಿಯಲ್ಲಿ ದಿನವೂ ಆಗುವ ಗಾಯವನ್ನು ಮೈ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಆ ಶಕ್ತಿ ಸ್ವಲ್ಪ ಕಡಿಮೆ ಇರಬಹುದು. ಅದು ತಂದೆ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆದರೆ ಒಬ್ಬರಿಗೆ ಗಂಟಲಲ್ಲಿ, ಇನ್ನೊಬ್ಬರಿಗೆ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ನಿಮ್ಮದು ಅಂಥದ್ದೇ ಎಂದು ನಾನು ಹೇಳಲಾರೆ, ಆದರೆ ಡಾಕ್ಟರಿಗೆ ಈ ಮೂರೂ ಹೆಸರು ಗೊತ್ತಾಗಬೇಕು ಎಂದೆ.

ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ.

"ರಕ್ತದಲ್ಲೇ ಇದ್ರೆ ಇನ್ನೇನ್ ಮಾಡೋದು? ಬರೋದು ಬಂದೇ ಬರುತ್ತೆ. ಇರೋಷ್ಟು ದಿನ ಸೇದ್ಕೊಂಡ್ ಇರ್ತೀನಿ."

"ಅಣ್ಣ, ರಕ್ತದಲ್ಲಿ ಬರೋದು ಕಾಯಿಲೆ ಅಲ್ಲ, ಕಾಯಿಲೆಗೆ ಬೇಗ ಬಗ್ಗೋ ಮೈ. ಅಂಥ ಮೈಗೆ ಹೊಗೆ ಇನ್ನೂ ಕೆಟ್ಟದು. ಸಾರಾಯೀನೂ ಜೊತೆಗಿದ್ರೆ ಕೇಳೋದೇ ಬೇಡ. ಬಿಟ್ಟೋರಿಗೆ ಅಪಾಯ ಇಳಿಯುತ್ತೆ, ಅದೂ ನಿಜ."

ಅಷ್ಟರಲ್ಲಿ ಮಗಳು ತೈನಾರಾ ಹಾಲಿನ ಲಾರಿ ನಿಲ್ಲಿಸಿ ಅಂಗಳಕ್ಕೆ ಬಂದಳು. ಇಪ್ಪತ್ತೇಳು ವರ್ಷದವಳು, ಹಳ್ಳಿಗಳಿಂದ ಹಾಲು ತರುವ ಲಾರಿ ಓಡಿಸುತ್ತಾಳೆ. ಅಪ್ಪನ ಪೊಟ್ಟಣದಿಂದಲೇ ಒಂದು ಬೀಡಿ ತೆಗೆದುಕೊಂಡಳು. ಜುರೆಮಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಹಾಳೆಯ ಕೆಳಗೆ ಮಗಳ ಹೆಸರು ಬರೆದಳು.

ಡೆಲ್ಮಾರಣ್ಣನ ಮುಖ ಬಾಡಿತು. "ಅವಳಿಗೆ ಮೊದಲ್ನೇ ಬೀಡಿ ಹಚ್ಚಿಕೊಟ್ಟಿದ್ದು ನಾನೇ" ಎಂದ, ಆ ಒಡೆದ ದನಿಯಲ್ಲಿ. "ಹದಿನಾರು ವರ್ಷ ಅವಳಿಗೆ. ನನ್ ಮಗಳು ಗಟ್ಟಿಗಿತ್ತಿ ಅಂತ ಎಲ್ಲರೆದುರು ಹೆಮ್ಮೆ ಪಟ್ಟಿದ್ದೆ."

ತೈನಾರಾ ಹಾಳೆ ಓದಿದಳು. ಬೀಡಿ ಹಚ್ಚದೆ ಹಾಗೇ ಹಿಡಿದು ನಿಂತಳು. "ನೀನು ನಾಳೆ ಡಾಕ್ಟರ ಹತ್ರ ಬಂದ್ರೆ ನಾನೂ ಬಿಡೋಕೆ ನೋಡ್ತೀನಿ ಅಪ್ಪಾ" ಎಂದಳು. ಅವನು ಆಗಲಿ ಎಂದು ತಲೆಯಾಡಿಸಿದ.

ನಗರದ ಆಸ್ಪತ್ರೆಯಲ್ಲಿ ಮೂಗಿನ ಮೂಲಕ ತೆಳ್ಳನೆಯ ಕೊಳವೆ ಇಳಿಸಿ ನೋಡಿದರು. ಎಡಗಡೆಯ ದನಿತಂತಿಯ ಮೇಲೆ ಸಣ್ಣ ಗಡ್ಡೆ ಇತ್ತು. ತುಣುಕು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದೇ ಆಯಿತು, ಆದರೆ ಇನ್ನೂ ಮೊದಲ ಹಂತ. ಆರು ತಿಂಗಳು ತಡ ಮಾಡಿದ್ದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದಿತ್ತು ಎಂದರು ಡಾಕ್ಟರು. ನಮ್ಮ ಹಾಳೆಯನ್ನು ಅವರು ಕಡತದಲ್ಲೇ ಸೇರಿಸಿಕೊಂಡರು, ಶ್ವಾಸಕೋಶದ ಸ್ಕ್ಯಾನನ್ನೂ ಮಾಡಿಸಿದರು. ಅದು ಚೆನ್ನಾಗಿತ್ತು. ತೈನಾರಾಳಿಗೆ ಈಗ ಯಾವ ಪರೀಕ್ಷೆಯೂ ಬೇಡ, ತಂಬಾಕು ಬಿಡಬೇಕು, ಮುಂದೆ ಯಾವ ಡಾಕ್ಟರ ಬಳಿ ಹೋದರೂ ಮನೆತನದ ವಿಷಯ ಹೇಳಬೇಕು ಎಂದರು.

ಆರು ವಾರ ವಿಕಿರಣ ಚಿಕಿತ್ಸೆ ನಡೆಯಿತು. ನುಂಗಲು ಕಷ್ಟವಾಗಿ ಡೆಲ್ಮಾರಣ್ಣ ಒಂಬತ್ತು ಕೆ.ಜಿ. ಇಳಿದ. ಬೀಡಿ ಬಿಟ್ಟ. ಕಷಾಯ ಬಿಡಲಿಲ್ಲ, ಬಿಸಿ ಆರಿಸಿ ಕುಡಿಯುತ್ತಾನೆ. ತೈನಾರಾ ಮೂರು ಸಲ ಬಿಟ್ಟು ಮತ್ತೆ ಹಿಡಿದಳು, ನಾಲ್ಕನೆಯ ಸಲ ಬಿಟ್ಟವಳು ಇವತ್ತಿನವರೆಗೂ ಮುಟ್ಟಿಲ್ಲ. ಡೆಲ್ಮಾರಣ್ಣನ ಹಳೆಯ ದನಿ ಪೂರ್ತಿ ಬರಲಿಲ್ಲ. ಈಗ ಬೇಗ ಮುಗಿಯುವ ಕುರಿ ಹರಾಜನ್ನಷ್ಟೇ ಅವನು ಕೂಗುತ್ತಾನೆ. ದೂರದ ಊರಿನಲ್ಲಿರುವ ತಂಗಿಗೆ ತಾನೇ ಫೋನ್ ಮಾಡಿ, ಅಪ್ಪನಿಗೆ, ಅತ್ತೆಗೆ, ತಮ್ಮನಿಗೆ ಏನಾಗಿತ್ತೆಂದು ಒಂದೊಂದಾಗಿ ಹೇಳಿ, ಅವಳೂ ಡಾಕ್ಟರಿಗೆ ತಿಳಿಸಬೇಕೆಂದ.

ಈಗ ನಿಮ್ಮ ಮನೆಯ ಮಾತು. ಗಂಟಲು, ಬಾಯಿ, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ನಿಮ್ಮವರಲ್ಲಿ ಯಾರಿಗೆ ಬಂದಿತ್ತೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಬೇರೆ ಬೇರೆ ಕಾಯಿಲೆ ಎಂದು ಬಿಟ್ಟುಬಿಡಬೇಡಿ. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ, ಬಾಯಿಹುಣ್ಣು ಮಾಯದಿದ್ದರೆ, ನುಂಗುವಾಗ ಸಿಕ್ಕಿಕೊಂಡಂತಾದರೆ, ಕೆಮ್ಮಿದಾಗ ರಕ್ತ ಕಂಡರೆ ಆಸ್ಪತ್ರೆಗೆ ಹೋಗಿ. ತಂಬಾಕು ಯಾವ ರೂಪದಲ್ಲಿದ್ದರೂ ಬಿಡಿ, ಒಂದೇ ಸಲಕ್ಕೆ ಆಗದಿದ್ದರೆ ಮತ್ತೆ ಪ್ರಯತ್ನಿಸಿ. ಸತ್ತವರು ಯಾವ ಕಾಯಿಲೆಯಿಂದ ಸತ್ತರೆಂಬುದನ್ನು ಮುಚ್ಚಿಡಬೇಡಿ. ಅದು ಬದುಕಿರುವವರ ಕಿವಿಗೆ ಬೀಳಬೇಕಾದ ಮಾತು.